ಸರ್ವೆ ನಂಬರ್ ನೂರಾ ಹದಿನಾಲ್ಕರ ಹೂವು

ಸರಕಾರಿ ಅರ್ಜಿಯಲ್ಲಿ ಯಾವ ಕಲಮನ್ನೂ ಖಾಲಿ ಬಿಡಬಾರದು ಎನ್ನುವುದು ನನ್ನ ಇಪ್ಪತ್ತಾರು ವರ್ಷದ ಗುಮಾಸ್ತಗಿರಿಯ ಏಕೈಕ ಸಿದ್ಧಾಂತ. ಖಾಲಿ ಬಿಟ್ಟ ಅರ್ಜಿ ವಾಪಸ್ ಬರುತ್ತದೆ, ಏನಾದರೊಂದು ತುಂಬಿದ ಅರ್ಜಿ ಮುಂದಕ್ಕೆ ಹೋಗುತ್ತದೆ. ಈ ಸಿದ್ಧಾಂತದ ಬಲದಿಂದ ನಮ್ಮೂರ ಹೈಸ್ಕೂಲಿಗೆ ಎರಡು ಕೋಣೆ, ಒಂದು ಬೋರ್‌ವೆಲ್ಲು ಮತ್ತು ಇಲ್ಲದ ಆಟದ ಮೈದಾನಕ್ಕೊಂದು ಬೇಲಿ ಬಂದಿವೆ. ಒಬ್ಬ ಮಾಸ್ತರ ಹಳ್ಳಕ್ಕೆ ಬಿದ್ದದ್ದೂ ಇದರಿಂದಲೇ. ಊರ ಹೆಸರು ಕೇಳಬೇಡಿ. ಸಗರದಿಂದ ಶಹಾಪುರಕ್ಕೆ ಹೋಗುವ ದಾರಿಯ ಆಸುಪಾಸು ಎಂದಿಟ್ಟುಕೊಳ್ಳಿ. ನನ್ನ ಹೆಸರು ಮಲ್ಲಿನಾಥ, ಶಾಲೆಯ ಗುಮಾಸ್ತ, ಮನೆತನ ಕುರಿ ಸಾಕುವವರದು.

ಮಾಸ್ತರನ ಹೆಸರು ಕಾಂತೇಶ. ವಿಜ್ಞಾನದ ಅತಿಥಿ ಶಿಕ್ಷಕ. ಮನೆಗೆ ಬಂದ ಅತಿಥಿಗೆ ನಾವು ಚಹಾ ಕೊಡುತ್ತೇವೆ. ಶಾಲೆಗೆ ಬಂದ ಅತಿಥಿ ಚಹಾವನ್ನು ತಾನೇ ತಂದು ಉಳಿದವರಿಗೂ ಕೊಡಬೇಕು, ಮತ್ತು ಪ್ರತಿ ಜೂನಿನಲ್ಲಿ ಈ ವರ್ಷವೂ ತಾನು ಅತಿಥಿಯೋ ಅಲ್ಲವೋ ಎಂದು ನೋಟಿಸ್ ಬೋರ್ಡಿನ ಮುಂದೆ ನಿಲ್ಲಬೇಕು. ಕಾಂತೇಶನದು ಕೆಳಗಿನ ಓಣಿ, ಗೋಡೆಯ ಮೇಲೆ ಬುದ್ಧನ ಫೋಟೊ ಇರುವ ಮನೆ. ಸ್ಟಾಫ್ ರೂಮಿನಲ್ಲಿ ಅವನ ಲೋಟ ಕಿಟಕಿಯ ಮೇಲೆ ಬೇರೆಯಾಗಿ ಇರುತ್ತಿತ್ತು. ಯಾಕೆ ಎಂದು ನಾವು ಯಾರೂ ಹೇಳುತ್ತಿರಲಿಲ್ಲ, ಅವನೂ ಕೇಳುತ್ತಿರಲಿಲ್ಲ.

ಅವನ ತಾಯಿ ದೇವಕಮ್ಮ ಹತ್ತಿ ಬಿಡಿಸುವ ಕೂಲಿಗೆ ಹೋಗುವವಳು. ಆ ಮನೆಯಲ್ಲಿ ಒಂದು ಮಣಿ ಇತ್ತು. ಹುಣಸೆ ಬೀಜಕ್ಕಿಂತ ಸ್ವಲ್ಪ ದೊಡ್ಡದು, ಜೇನಿನ ಬಣ್ಣ, ಒಳಗೆ ಏನೋ ಕಸ ಸಿಕ್ಕಿಕೊಂಡಿದೆ. ದೇವಕಮ್ಮನ ಅತ್ತೆ ಮಲಕಮ್ಮ ಹರೆಯದಲ್ಲಿ ರಂಗಂಪೇಟೆಯ ಒಬ್ಬ ಹಕೀಮರ ಮನೆಯಲ್ಲಿ ಔಷಧ ಕುಟ್ಟುತ್ತಿದ್ದಳಂತೆ. ಹಕೀಮರು ಸಾಯುವ ಮುಂಚೆ "ಇದು ಕಹರುಬಾ, ಕಾಮಣಿಗೆ ಒಳ್ಳೆಯದು" ಎಂದು ಅವಳ ಕೈಗೆ ಇಟ್ಟರಂತೆ. ಅಂದಿನಿಂದ ಊರಲ್ಲಿ ಯಾವ ಕೂಸಿಗೆ ಕಾಮಾಲೆಯಾಗಿ ಕಣ್ಣು ಹಳದಿಯಾದರೂ ಆ ಮಣಿ ಒಂಬತ್ತು ದಿನ ಅದರ ಕೊರಳಿಗೆ.

ಅದಕ್ಕೊಂದು ಪದ್ಧತಿ ಇತ್ತು. ಮೇಲಿನ ಓಣಿಯ ಹೆಂಗಸರು ದೇವಕಮ್ಮನ ಹಿತ್ತಲ ಬಾಗಿಲಿಗೆ ಬರುವರು. ಹೊಸ್ತಿಲು ದಾಟುವಂತಿಲ್ಲ, ನೀರು ಕೇಳುವಂತಿಲ್ಲ. ಮಣಿಯನ್ನು ಸೆರಗಿಗೆ ಹಾಕಿಸಿಕೊಂಡು ಮನೆಗೆ ಒಯ್ದು, ಅರಿಶಿನದ ನೀರಿನಲ್ಲಿ ಮೂರು ಸಲ ತೊಳೆದು, ಹೊಸ ದಾರ ಪೋಣಿಸಿ, ಕೂಸಿನ ಅಂಗಿಯ ಒಳಗೆ ಕಾಣದ ಹಾಗೆ ಕಟ್ಟುವರು. ಹತ್ತನೆಯ ದಿನ ಒಂದು ಸೇರು ಜೋಳದ ಜೊತೆ ಮಣಿ ವಾಪಸ್. ಒಯ್ದವರು ಎಲ್ಲಿಂದ ತಂದೆ ಎನ್ನುವುದಿಲ್ಲ, ದೇವಕಮ್ಮ ಯಾರಿಗೆ ಕೊಟ್ಟೆ ಎನ್ನುವುದಿಲ್ಲ. ನನ್ನ ಕೊರಳಲ್ಲೂ ಅದು ಒಂಬತ್ತು ದಿನ ಇತ್ತು, ನನ್ನ ಮಗಳು ಕವಿತಾಳ ಕೊರಳಲ್ಲೂ ಇತ್ತು.

ಕಾಂತೇಶ ಮಾತ್ರ ಇದನ್ನು ನಂಬುತ್ತಿರಲಿಲ್ಲ. ಕಾಮಣಿ ತಾನಾಗಿಯೇ ಇಳಿಯುತ್ತದೆ, ಇಳಿಯದಿದ್ದರೆ ದವಾಖಾನೆಗೆ ಹೋಗಬೇಕು ಎಂದು ತರಗತಿಯಲ್ಲಿ ಹೇಳಿ, ಮನೆಗೆ ಹೋಗಿ ತಾಯಿ ಸೇರು ಜೋಳದಲ್ಲಿ ಮಾಡಿದ ರೊಟ್ಟಿ ತಿನ್ನುತ್ತಿದ್ದ. ಕಳೆದ ನವೆಂಬರಿನಲ್ಲಿ ಒಂದು ದಿನ ಅವನು ಆ ಮಣಿಯನ್ನೇ ಶಾಲೆಗೆ ತಂದು, ಗಾಜು ಸೀಳಿದ ನಮ್ಮ ಸೂಕ್ಷ್ಮದರ್ಶಕದ ಕೆಳಗಿಟ್ಟು ನನ್ನನ್ನು ಕರೆದ.

"ಮಲ್ಲಿನಾಥ್ ಸರ್, ಒಂದ್ ಸಲ ಕಣ್ಣಿಟ್ಟು ನೋಡ್ರಿ."

ನೋಡಿದೆ. ಜೇನಿನಂಥ ಬೆಳಕಿನೊಳಗೆ ಒಂದು ಹೂವು. ಐದು ಎಸಳು, ಒಂದು ತೊಟ್ಟು, ತೊಟ್ಟಿನ ಮೇಲೆ ಸಣ್ಣ ಕೂದಲು ಕೂಡ ಕಾಣುತ್ತಿತ್ತು.

"ಹೂವು ಅದ," ಎಂದೆ.

"ನಾಕು ಕೋಟಿ ವರ್ಷದ ಹೂವು ಇದ್ದರೂ ಇರಬಹುದ್ರಿ. ಗಿಡದ ಅಂಟು ಸೋರಿ ಇದರ ಮ್ಯಾಲ ಬಿದ್ದದ. ಒಳಗ ಗಾಳಿ ಇಲ್ಲ, ನೀರಿಲ್ಲ, ಹುಳ ಇಲ್ಲ. ಅಂಟು ಕಲ್ಲಾಗ್ಯಾದ, ಅದಕ್ಕೇ ಕಹರುಬಾ ಅಂತಾರ, ಹೂವು ಹಂಗೇ ಉಳದದ. ಆವಾಗ ಮನಷ್ಯಾನೇ ಹುಟ್ಟಿದ್ದಿಲ್ಲ."

"ಅಂದ್ರ ಮ್ಯಾಲಿನ ಓಣಿ ಕೆಳಗಿನ ಓಣಿ ಏನೂ ಇರಲಿಲ್ಲ ಅನ್ನು," ಎಂದು ನಕ್ಕೆ. ಅವನು ನಗಲಿಲ್ಲ.

ಉಪ್ಪು ನೀರಿನಲ್ಲಿ ಮಣಿ ಬಿಟ್ಟು ತೇಲಿಸಿ ತೋರಿಸಿದ, ಗಾಜಾಗಿದ್ದರೆ ಮುಳುಗುತ್ತಿತ್ತಂತೆ. ಅಂಗಿಯ ತೋಳಿಗೆ ತಿಕ್ಕಿ ಹಿಡಿದ, ಮೇಜಿನ ಮೇಲಿನ ಕಾಗದದ ಚೂರುಗಳು ಎದ್ದು ಅದಕ್ಕೆ ಅಂಟಿಕೊಂಡವು. ಹೆಡ್‌ಮಾಸ್ತರರು ಬಂದು ನೋಡಿ ವಿಜ್ಞಾನದ ಬಗ್ಗೆ ಏನೂ ಕೇಳಲಿಲ್ಲ. ಶಹಾಪುರದ ವಿಜ್ಞಾನ ಪ್ರದರ್ಶನಕ್ಕೆ ನಮ್ಮ ಶಾಲೆಯಿಂದ ಏನೂ ಹೋಗಿರಲಿಲ್ಲ, ಅದೇ ಅವರ ಚಿಂತೆ. "ಬಹುಮಾನ ತಂದ್ರ ಬರೂ ಜೂನ್‌ದಾಗ ಪಟ್ಟಿಯೊಳಗ ನಿಂದೇ ಮೊದಲನೇ ಹೆಸರು," ಎಂದರು. ಆ ಮಾತು ಕಾಂತೇಶನ ತಲೆಗೇರಿತು.

ಅರ್ಜಿ ತುಂಬಲು ನನ್ನ ಬಳಿ ಬಂದ. ವಿಭಾಗ: ಸ್ಥಳೀಯ ಸಂಪನ್ಮೂಲ. ಏಳನೆಯ ಕಲಮು: ವಸ್ತು ದೊರೆತ ಸ್ಥಳ, ಸರ್ವೆ ನಂಬರ್ ಸಹಿತ.

"ರಂಗಂಪ್ಯಾಟಿ ಹಕೀಮರು ಕೊಟ್ಟಿದ್ದು ಅಂತ ಬರೀಲೇನ್ರಿ?"

"ಸಂಪನ್ಮೂಲ ಅಂದ್ರ ನೆಲದಾಗ ಸಿಗಬೇಕು ತಮ್ಮ. ಹಕೀಮ ಸಂಪನ್ಮೂಲ ಅಲ್ಲ."

"ಖಾಲಿ ಬಿಡ್ಲೇನ್ರಿ?"

ಖಾಲಿ ಎಂಬ ಮಾತು ಕೇಳಿ ನನಗೆ ಸಿಟ್ಟು ಬಂತು. ಅಂದು ಬೆಳಿಗ್ಗೆ ತಾನೇ ನಮ್ಮ ಶಾಲಾ ಸಮಿತಿಯ ಅಧ್ಯಕ್ಷ ಸೂಗಪ್ಪ ಸಾಹುಕಾರರ ಹೊಲದ ಪಹಣಿಯನ್ನು ಜೆರಾಕ್ಸ್ ಮಾಡಿಸಿ ತಂದಿದ್ದೆ. ಅಧ್ಯಕ್ಷರ ಖಾಸಗಿ ಕಾಗದಗಳೆಲ್ಲ ನಮ್ಮ ಆಫೀಸಿನ ಕೆಲಸವೇ. ಆ ನಂಬರು ನಾಲಿಗೆಯ ಮೇಲಿತ್ತು.

"ನೂರಾ ಹದಿನಾಲ್ಕು ಬರಿ. ಅದನ್ನ ಯಾರು ಓದ್ತಾರ?"

ಬರೆದ. ಅವನ ತಪ್ಪು ಅಷ್ಟೇ.

ಪ್ರದರ್ಶನಕ್ಕೆ ಅವನು ಡ್ರಿಲ್ ಮಾಸ್ತರರ ಕೋಟು ಎರವಲು ತೊಟ್ಟು ಹೋದ. ಕೋಟು ತೊಟ್ಟದ್ದೇ ತಡ, ಮಾತು ಬದಲಾಯಿತು. "ಈ ಪುಷ್ಪವು ನಮ್ಮ ಗ್ರಾಮದ ಮೃತ್ತಿಕೆಯಲ್ಲಿ ನಾಲ್ಕು ಕೋಟಿ ಸಂವತ್ಸರಗಳಿಂದ ನಿದ್ರಿಸುತ್ತಿತ್ತು," ಎಂದು ಬಂದವರಿಗೆಲ್ಲ ಹೇಳಿದ. ಪ್ರಥಮ ಬಹುಮಾನ ಬಂತು, ಒಂದು ಸ್ಟೀಲ್ ಡಬ್ಬಿ ಮತ್ತು ಹೆಸರು ತಪ್ಪಾಗಿ ಬರೆದ ಪ್ರಮಾಣಪತ್ರ. ಮರುದಿನ ಪತ್ರಿಕೆಯ ಮೂಲೆಯಲ್ಲಿ ಸುದ್ದಿಯೂ ಬಂತು. ವರದಿಗಾರ ಕಾಂತೇಶನ ಹೆಸರು ಬಿಟ್ಟಿದ್ದ, ಸರ್ವೆ ನಂಬರ್ ಬಿಟ್ಟಿರಲಿಲ್ಲ.

ಹತ್ತು ಗಂಟೆಗೆ ಸೂಗಪ್ಪ ಸಾಹುಕಾರರು ಪತ್ರಿಕೆ ಹಿಡಿದು ಶಾಲೆಗೆ ಬಂದರು.

"ನನ್ನ ಹೊಲದಾಗ ಸಿಕ್ಕಿದ್ದು ನನಗ ಹೇಳದ ಹೆಂಗ ತಗೊಂಡ್ಯೋ ಮಾಸ್ತರ? ವರ್ಷಕ್ಕ ಒಂದ್ ರೂಪಾಯಿ ಹಿಡಿದ್ರೂ ನಾಕು ಕೋಟಿ ಆಗ್ತದ."

"ಹಂಗ ಲೆಕ್ಕ ಹಿಡಿಯೂದಿಲ್ರಿ ಸಾಹುಕಾರ್ರ."

"ಮತ್ತ ಹೆಂಗ ಹಿಡೀತಾರ? ಎರಡ್ ರೂಪಾಯ್ದಂಗೇನು?"

ಕಾಂತೇಶ ನನ್ನ ಮುಖ ನೋಡಿದ. ನಾನು ಹಾಜರಿ ಪುಸ್ತಕ ನೋಡಿದೆ.

ಸಾಹುಕಾರರು ಅಲ್ಲಿಂದ ನೇರ ಹೊಲಕ್ಕೆ ಹೋಗಿ, ಒಂದು ಹೂವಿದ್ದಲ್ಲಿ ತೋಟವೇ ಇರಬೇಕೆಂದು ಜೆಸಿಬಿ ತರಿಸಿ, ಕಾಯಿಗಟ್ಟಿದ ತೊಗರಿಯನ್ನು ಬೇರುಸಹಿತ ಕಿತ್ತು ಎರಡಾಳು ಆಳ ಅಗೆಸಿದರು. ಕಲ್ಲು ಸಿಕ್ಕಿತು, ಕಲ್ಲಿನ ಕೆಳಗೂ ಕಲ್ಲು ಸಿಕ್ಕಿತು. ಅಷ್ಟರಲ್ಲಿ ಅವರದೇ ದಾಯಾದಿಯೊಬ್ಬರು ಮೇಲಿನವರಿಗೆ ಅರ್ಜಿ ಕೊಟ್ಟಿದ್ದರು. ನೆಲದಲ್ಲಿ ಸಿಕ್ಕ ಹಳೆಯ ವಸ್ತು ಸರಕಾರಕ್ಕೆ ಸೇರಿದ್ದು, ವಿಚಾರಣೆಗೆ ಅಧಿಕಾರಿ ಬರುತ್ತಾರೆ, ವಸ್ತುವನ್ನು ಹಾಜರುಪಡಿಸತಕ್ಕದ್ದು ಎಂದು ನೋಟಿಸು ಬಂತು. ಅಂದಿನಿಂದ ಸಾಹುಕಾರರ ಹೇಳಿಕೆ ಸ್ವಲ್ಪ ತಿರುಗಿತು.

"ಅದು ನೆಲದಾಗಿಂದಲ್ಲ. ನಮ್ಮ ಮುತ್ಯಾನ ಕೊಳ್ಳಾಗಿಂದು. ಹೊಲದಾಗ ಹರದು ಬಿದ್ದಿತ್ತು, ಕಳೆ ತಗಿಯಾಕ ಬಂದ ದೇವಕಿ ಕದ್ದಾಳ," ಎಂದು ಕಟ್ಟೆಯ ಮೇಲೆ ಕೂತು ಹೇಳತೊಡಗಿದರು. ಮುತ್ಯಾ ಆ ಮಣಿ ತೊಟ್ಟು ಕುದುರೆ ಏರುತ್ತಿದ್ದದ್ದನ್ನು ಕಂಡವರು ಕೂಡ ಮೂರು ದಿನದಲ್ಲಿ ನಾಲ್ಕು ಮಂದಿ ಹುಟ್ಟಿದರು. ಮುತ್ಯಾನನ್ನೇ ಕಂಡವರು ಊರಲ್ಲಿ ಯಾರೂ ಬದುಕಿರಲಿಲ್ಲ.

ಕಾಂತೇಶನಿಗೆ ಈಗ ದಿಗಿಲಾಯಿತು. ನೆಲದ್ದು ಎಂದರೆ ಮಣಿ ಸರಕಾರಕ್ಕೆ, ಮುತ್ಯಾನದು ಎಂದರೆ ಸಾಹುಕಾರರಿಗೆ. ಮನೆಯದು ಎಂದರೆ ಅರ್ಜಿಯಲ್ಲಿ ಸುಳ್ಳು ಬರೆದವನಾಗಿ ಕೆಲಸಕ್ಕೆ ಕುತ್ತು. ಯಾದಗಿರಿಗೆ ಹೋಗಿ ಆ ಅಧಿಕಾರಿಯನ್ನೇ ಕಂಡು ನಿಜ ಹೇಳಿ ಬಂದ. ಮೆಚ್ಚಬೇಕು, ನಾನಾಗಿದ್ದರೆ ಹೋಗುತ್ತಿರಲಿಲ್ಲ. ಅಧಿಕಾರಿ ಒಳ್ಳೆಯವರಂತೆ. ಊರಿನ ಒಬ್ಬರಾದರೂ ಈ ಮಣಿ ಮೊದಲಿನಿಂದ ದೇವಕಮ್ಮನ ಮನೆಯಲ್ಲೇ ಇತ್ತು ಎಂದು ಸಾಕ್ಷಿ ಹೇಳಿದರೆ ಮಣಿ ಅವಳದೇ, ನಂಬರು ಕೈತಪ್ಪು ಎಂದು ಬರೆದು ಮುಗಿಸುತ್ತೇನೆ ಎಂದರಂತೆ.

"ಒಬ್ಬರು ಸಾಕ್ರಿ ಸರ್. ಇಡೀ ಊರು ಕಟ್ಟಿಕೊಂಡದ. ಒಬ್ಬರು ಸಿಗೂದಿಲ್ಲೇನ್ರಿ?"

"ಸಿಕ್ಕೇ ಸಿಗ್ತಾರ," ಎಂದೆ. ನಾನೇ ಆ ಒಬ್ಬ ಆಗಬಹುದಿತ್ತು ಎಂದು ಇಬ್ಬರಿಗೂ ಗೊತ್ತಿತ್ತು, ಆದ್ದರಿಂದ ಇಬ್ಬರೂ ಸುಮ್ಮನಾದೆವು.

ಅವನು ಹನ್ನೊಂದು ಮನೆ ತಿರುಗಿದ. ಮೊದಲನೆಯ ಮನೆಯಲ್ಲಿ, ನಮ್ಮ ವಂಶಕ್ಕೆ ಕಾಮಣಿ ಬರುವುದೇ ಇಲ್ಲ ಎಂದರು. ಎರಡನೆಯ ಮನೆಯಲ್ಲಿ, ಬಂದಿತ್ತು, ಆದರೆ ಕಲಬುರಗಿ ದವಾಖಾನೆಯಲ್ಲಿ ಇಳಿಯಿತು ಎಂದರು. ಮೂರನೆಯವರಿಗೆ ಮಗಳ ಮದುವೆಯ ಮಾತು ನಡೆದಿತ್ತು. "ಬೀಗರ ಕಿವಿಗಿ ಬಿದ್ರ ಹೆಂಗೋ? ಆ ಹುಡುಗಿ ಕೊಳ್ಳಾಗ ನಿಮ್ಮ ಮನಿ ಮಣಿ ಇತ್ತು ಅಂದ್ರ ಅವರು ಏನ್ ತಿಳಕೋತಾರ?" ನಾಲ್ಕನೆಯವರು ಬಾಗಿಲು ತೆರೆಯದೆ ಒಳಗಿನಿಂದಲೇ ಮನೆಯಲ್ಲಿ ಯಾರೂ ಇಲ್ಲ ಎಂದರು. ಉಳಿದ ಏಳು ಮನೆಯ ಮಾತು ಬರೆಯಲು ನನಗೇ ಬೇಸರ.

ವಿಚಾರಣೆಗೆ ಇನ್ನು ನಾಲ್ಕು ದಿನ ಇತ್ತು. ನಮ್ಮ ಕುರಿ ದೊಡ್ಡಿಗೂ ದೇವಕಮ್ಮನ ಹಿತ್ತಲಿಗೂ ನಡುವೆ ಒಂದು ಜಾಲಿ ಬೇಲಿ. ಸಂಜೆ ಕುರಿ ಎಣಿಸುತ್ತಿದ್ದವನಿಗೆ ಆಚೆಯ ಮಾತು ಕೇಳಿಸಿತು. ಇಣುಕಿದೆ. ಮುಖದ ತನಕ ಸೆರಗು ಎಳೆದುಕೊಂಡು ನಿಂತಿದ್ದವಳು ಭೀಮವ್ವ, ಸೂಗಪ್ಪ ಸಾಹುಕಾರರ ಹೆಂಡತಿ.

"ದೇವಕಿ, ಮೊಮ್ಮಗನ ಕಣ್ಣು ಅರಿಷಿಣ ಆಗ್ಯಾವ. ದವಾಖಾನಿಗಿ ತೋರ್ಸೀವಿ. ಆದ್ರೂ ನನ್ನ ಜೀವ ನಿಲ್ಲವಲ್ದು. ಅವರಿಗಿ ಗೊತ್ತಾಗಬಾರ್ದು."

ದೇವಕಮ್ಮ ಒಳಗೆ ಹೋದಳು. ಒಳಗಿನಿಂದ ಕಾಂತೇಶನ ದನಿ ಬಂತು. "ಯವ್ವಾ, ನಾಕು ದಿನದಾಗ ಮಣಿ ಅಧಿಕಾರಿ ಕೈಯಾಗ ಇಡಬೇಕು. ಅವರ ಗಂಡನೇ ಕದ್ದೀರಿ ಅನ್ನಾಕತ್ತಾನ. ಅವರಿಗೇ ಕೊಡ್ತಿಯೇನು?"

"ಕೂಸು ಯಾರದು ಅಂತ ಕೇಳಿ ಕೊಡೂದು ನಮ್ಮ ಅತ್ತಿ ಕಲಿಸಿಲ್ಲ," ಎಂದು ದೇವಕಮ್ಮ ಹೊರಬಂದು ಮಣಿಯನ್ನು ಸೆರಗಿಗೆ ಹಾಕಿದಳು. ಭೀಮವ್ವ ಅದು ತನ್ನ ಕೈಗೆ ತಾಗದ ಹಾಗೆ ಗಂಟು ಕಟ್ಟಿಕೊಂಡು ಹೋದಳು. ಹೀಗೆ, ಸಾಹುಕಾರರು ತಮ್ಮದೆಂದು ಊರೆಲ್ಲ ಸಾರುತ್ತಿದ್ದ ಮಣಿ ಸಾಹುಕಾರರ ಮನೆ ಸೇರಿತು.

ವಿಚಾರಣೆ ಶಾಲೆಯ ಬೇವಿನ ಗಿಡದ ಕೆಳಗೆ ನಡೆಯಿತು. ಅಧಿಕಾರಿಗೆ ಕುರ್ಚಿ, ಸಾಹುಕಾರರಿಗೆ ಕುರ್ಚಿ, ಬರೆದುಕೊಳ್ಳಲು ನನಗೆ ಮಕ್ಕಳ ಡೆಸ್ಕು. ದೇವಕಮ್ಮ ಮತ್ತು ಕಾಂತೇಶ ನಿಂತಿದ್ದರು. ಸುತ್ತ ಇಡೀ ಊರು.

ಅಧಿಕಾರಿ ಮೊದಲು ಕಲ್ಲುಮಣ್ಣಿನ ಶಾಸ್ತ್ರ ಬಲ್ಲವರೊಬ್ಬರ ಪತ್ರ ಓದಿದರು. ನಮ್ಮ ಸೀಮೆಯ ಬಂಡೆ ಇನ್ನೂರು ಕೋಟಿ ವರ್ಷಕ್ಕೂ ಹಳೆಯದು, ಆಗ ಲೋಕದಲ್ಲಿ ಗಿಡಗಳೇ ಇರಲಿಲ್ಲ, ಆದ್ದರಿಂದ ಇಲ್ಲಿ ಆ ಬಗೆಯ ಅಂಟಿನ ಕಲ್ಲು ಸಿಗುವುದು ಸಾಧ್ಯವಿಲ್ಲ.

"ಹೌದ್ರಿ ಸಾಹೇಬ್ರ," ಎಂದ ಕಾಂತೇಶ, ಮೊದಲ ಸಲ ಅವನ ಮುಖ ಅರಳಿತು. "ನಾನೂ ಅದನ್ನೇ ಹೇಳಾಕತ್ತೀನಿ. ಇಲ್ಲಿ ಸಿಕ್ಕಿದ್ದಲ್ಲ, ಹೊರಗಿಂದ ಬಂದಿದ್ದು. ಮನ್ಯಾಗ ಇತ್ತು."

"ಆಯಿತು. ಮಣಿ ಎಲ್ಲಿ?"

ದೇವಕಮ್ಮ ಮುಂದೆ ಬಂದಳು. "ಮನ್ಯಾಗಿಲ್ರಿ. ಹೊರಗ ಹೋಗ್ಯಾದ. ಐದ್ ದಿನಕ್ಕ ಬರ್ತದ."

"ಯಾರ ಹತ್ತಿರ ಇದೆ?"

"ಅದು ಹೇಳೂದಿಲ್ರಿ. ಕೂಸಿನ ಕೊಳ್ಳಾಗ ಅದ."

ಸಾಹುಕಾರರು ಕುರ್ಚಿಯಿಂದ ಎದ್ದರು. "ಸುಳ್ಳು ಹೇಳಾಕತ್ತಾಳ್ರಿ ಸಾಹೇಬ್ರ. ನಮ್ಮ ಮುತ್ಯಾನ ಮಣಿ ಯಾರ ಮನ್ಯಾಗ ಅದ ಅನ್ನೂದು ನನಗ ಈಗ ಗೊತ್ತಾಗಬೇಕು. ಆ ಮನಿ ಹೊಕ್ಕು ತಲಾಶ್ ಮಾಡ್ರಿ, ಯಾವನೇ ಆಗಿರಲಿ."

ಹೆಂಗಸರ ಗುಂಪಿನಲ್ಲಿ ಭೀಮವ್ವನ ಸೆರಗು ಹಣೆಯಿಂದ ಮೂಗಿಗೆ, ಮೂಗಿನಿಂದ ಗದ್ದಕ್ಕೆ ಇಳಿಯಿತು. ದೇವಕಮ್ಮ ಅತ್ತ ಒಮ್ಮೆ ನೋಡಿ ನೆಲ ನೋಡಿದಳು. ಕಾಂತೇಶ ಅವಳ ತೋಳು ಹಿಡಿದು "ಯವ್ವಾ, ಹೇಳು" ಎಂದ. ಅವಳು ಹೇಳಲಿಲ್ಲ.

ಅಧಿಕಾರಿ ಊರವರ ಕಡೆ ತಿರುಗಿದರು. "ಈ ಮಣಿಯನ್ನು ಈಕೆಯ ಮನೆಯಲ್ಲಿ ಮೊದಲು ಕಂಡವರು ಯಾರಾದರೂ ಇದ್ದೀರಾ? ಒಬ್ಬರು ಕೈ ಎತ್ತಿ, ಸಾಕು."

ಅಷ್ಟು ಮಂದಿ ಸೇರಿ ಅಷ್ಟು ಸುಮ್ಮನಿದ್ದದ್ದನ್ನು ನಾನು ಶಾಲೆಯ ಪ್ರಾರ್ಥನೆಯಲ್ಲೂ ಕಂಡಿಲ್ಲ. ಒಬ್ಬರು ಕೆಮ್ಮಿದರು, ಒಬ್ಬರು ಬೇವಿನ ಗಿಡದ ತುದಿ ನೋಡಿದರು. ನಾನು ಪೆನ್ನಿನ ಮುಚ್ಚಳ ತೆಗೆದು, ಹಾಕಿ, ಮತ್ತೆ ತೆಗೆದೆ. ಕೈ ಎತ್ತಲಿಲ್ಲ. ನನಗೆ ನಾಚಿಕೆಯಾಯಿತು. ಆದರೆ ನಾಚಿಕೆಯಾಗುವುದಕ್ಕೂ ಕೈ ಎತ್ತುವುದಕ್ಕೂ ಸಂಬಂಧವಿಲ್ಲ ಎಂದು ಆ ದಿನ ತಿಳಿಯಿತು.

ಅಧಿಕಾರಿ ಗಡಿಯಾರ ನೋಡಿದರು. ಅವರಿಗೆ ಮಧ್ಯಾಹ್ನ ಸುರಪುರದಲ್ಲಿ ಇನ್ನೊಂದು ವಿಚಾರಣೆ ಇತ್ತು. ನೆಲದಲ್ಲಿ ಸಿಗುವುದು ಸಾಧ್ಯವಿಲ್ಲ, ಮನೆಯಲ್ಲಿ ಕಂಡವರಿಲ್ಲ, ಈಗ ವಸ್ತುವೂ ಇಲ್ಲ. ಹಾಗಾದರೆ ಪ್ರದರ್ಶನದಲ್ಲಿ ಇಟ್ಟದ್ದು ಏನು ಎಂದು ತಾವೇ ಕೇಳಿಕೊಂಡು ತಾವೇ ಉತ್ತರ ಹೇಳಿದರು. "ಪ್ಲಾಸ್ಟಿಕ್ ಎಂದು ಬರೆಯಿರಿ. ಎಲ್ಲರಿಗೂ ಅನುಕೂಲ."

ನಿಜವಾಗಿ ಎಲ್ಲರಿಗೂ ಅನುಕೂಲವಾಯಿತು. ಸರಕಾರಕ್ಕೆ ಕಡತ ಮುಗಿಯಿತು. ಪ್ಲಾಸ್ಟಿಕ್ ಎಂದ ಮೇಲೆ ಸಾಹುಕಾರರ ಮುತ್ಯಾನೂ ಕುದುರೆಯಿಂದ ಇಳಿದ. "ಸದರಿ ವಸ್ತುವು ಪ್ಲಾಸ್ಟಿಕ್ ಆಗಿದ್ದು, ಸದರಿ ಮನೆಯಲ್ಲಿ ಅಂಥ ಮಣಿ ಇದ್ದುದನ್ನು ಗ್ರಾಮಸ್ಥರು ಎಂದೂ ಕಂಡಿರುವುದಿಲ್ಲ" ಎಂದು ನಾನು ಬರೆದೆ. ಅಕ್ಷರ ಗುಂಡಗೆ ಬಂದವು. ಸಾಕ್ಷಿಯ ಮೊದಲ ಸಹಿ ನನ್ನದೇ. ಮೂರನೆಯ ದಿನ, ಪ್ಲಾಸ್ಟಿಕ್ ತೋರಿಸಿ ಮಕ್ಕಳನ್ನೂ ಇಲಾಖೆಯನ್ನೂ ದಾರಿ ತಪ್ಪಿಸಿದ್ದಕ್ಕಾಗಿ ಕಾಂತೇಶನನ್ನು ಕೆಲಸದಿಂದ ಬಿಡಿಸಿದ ಆದೇಶವನ್ನೂ ನಾನೇ ಟೈಪು ಮಾಡಿದೆ. ಅವನು ಓದಿ, ಕಿಟಕಿಯ ಮೇಲಿನ ತನ್ನ ಲೋಟ ತೆಗೆದುಕೊಂಡು ಹೋದ.

ಮಣಿ ಹೇಳಿದ ದಿನಕ್ಕೆ ಸೇರು ಜೋಳದ ಜೊತೆ ಹಿತ್ತಲಿಗೆ ಬಂತು. ಸಾಹುಕಾರರ ಮೊಮ್ಮಗ ಓಡಾಡತೊಡಗಿದ್ದ. ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ, ನಮ್ಮ ಕಡೆ ಇಷ್ಟು ನಡೆದೇ ಇರುತ್ತದೆ.

ಆದರೆ ಪ್ಲಾಸ್ಟಿಕ್ ಎಂಬ ಮಾತು ಭೀಮವ್ವನ ತಲೆಯಲ್ಲಿ ಕೂತುಬಿಟ್ಟಿತು. ಸರಕಾರವೇ ಬರೆದ ಮೇಲೆ ಸುಳ್ಳಿದ್ದೀತೆ? ಪ್ಲಾಸ್ಟಿಕ್ಕಿನಿಂದ ಕೂಸಿಗೆ ಏನಾದರೂ ಆದರೆ? ಎರಡು ದಿನ ಉಣ್ಣದೆ ಕೂತು, ಮೂರನೆಯ ದಿನ ಗಂಡನ ಮುಂದೆ ಅತ್ತು ಎಲ್ಲ ಹೇಳಿದಳು. ತಮ್ಮ ಮನೆಯಲ್ಲೇ ಮಣಿ ಇತ್ತು ಎಂದು ಸಾಹುಕಾರರು ನಾಚಬಹುದಿತ್ತು. ಅವರು ಸಿಟ್ಟಾದರು. ಹತ್ತು ಮಂದಿಯನ್ನು ಕಟ್ಟಿಕೊಂಡು ಕೆಳಗಿನ ಓಣಿಗೆ ನಡೆದರು. ದಾರಿಯಲ್ಲಿ ಹತ್ತು ಮಂದಿ ಮೂವತ್ತಾದರು. ಅವರಲ್ಲಿ ನನ್ನ ಹೆಂಡತಿ ರೇಣಮ್ಮನೂ ಇದ್ದಳು, ಅವಳ ಹಿಂದೆ ನಾನು.

ದೇವಕಮ್ಮ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ ಕೂತಿದ್ದಳು. ಕಾಂತೇಶ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತ.

"ನನ್ನ ಮೊಮ್ಮಗನ ಕೊಳ್ಳಾಗ ಒಂಬತ್ತು ದಿನ ಪ್ಲಾಸ್ಟಿಕ್ ಕಟ್ಸೀದಿ," ಎಂದರು ಸಾಹುಕಾರರು. "ನಂಬಿ ಬಂದವರಿಗಿ ಹಿಂಗ ಮಾಡ್ತಾರೇನು?"

ಸಾಹುಕಾರರೇ ಬಾಯಿ ಬಿಟ್ಟ ಮೇಲೆ ಉಳಿದವರಿಗೆ ಇನ್ನೇನು ಭಯ? ಎಲ್ಲರ ಬಾಯಿಯೂ ಒಮ್ಮೆಲೇ ಬಿಚ್ಚಿತು.

"ನಮ್ಮ ಹುಡುಗಿಗಿ ಎರಡ್ ಸಲ ಕಟ್ಟೀವಿ," ಎಂದರು ಮದುವೆ ಮಾತು ನಡೆಸಿದ್ದವರು.

"ನಮ್ಮ ಮನ್ಯಾಗ ಮೂರು ಮಕ್ಕಳಿಗೂ ಅದೇ," ಎಂದಿತು ಕಾಮಣಿಯೇ ಬರದ ವಂಶ.

"ನಮ್ಮ ಕವಿತಾಗ ಹನ್ನೆರಡು ವರ್ಷದ ಹಿಂದ ಕಟ್ಟಿದ್ದೆ, ಒಂದ್ ಸೇರು ಬಿಳಿಜ್ವಾಳ ಕೊಟ್ಟಿದ್ದೆ," ಎಂದಳು ನನ್ನ ಹೆಂಡತಿ.

ಯಾರ ಮನೆ, ಯಾವ ವರ್ಷ, ಯಾವ ಕೂಸು, ಎಲ್ಲ ಹೊರಬಂತು. ದೇವಕಮ್ಮ ಕೊನೆಯವರು ಮುಗಿಸುವ ತನಕ ಕೈಯಲ್ಲಿನ ಮೊರ ಕೆಳಗಿಡದೆ ಕೇಳಿದಳು. ಆಮೇಲೆ ಇಟ್ಟಳು.

"ಎಲ್ಲಾರೂ ಹೇಳಿದ್ರೇನ್ರಿ? ಕಾಂತೇಶ, ಒಂದ್ ಹಾಳಿ ತಂದು ಮಲ್ಲಿನಾಥಪ್ಪಗ ಕೊಡು. ಸಾಕ್ಷಿದಾರರು ಬಂದಾರ. ಬರಕೊಳ್ಳಲಿ."

ಕಾಂತೇಶ ಹಾಳೆ ತಂದು ನನ್ನ ಮುಂದೆ ಹಿಡಿದ. ಸಾಹುಕಾರರು ನನ್ನ ಕಡೆ ನೋಡಿದರು. ಜೂನಿನಲ್ಲಿ ನನ್ನ ವರ್ಗಾವಣೆಯ ಕಾಗದ ಅವರ ಮುಂದೆಯೇ ಹೋಗಬೇಕಿತ್ತು.

"ಫೈಲ್ ಮುಗದದ ದೇವಕಮ್ಮ," ಎಂದೆ. "ಮುಗದ ಫೈಲಿಗಿ ಸಾಕ್ಷಿ ಬರಕೊಳ್ಳಾಕ ಬರೂದಿಲ್ಲ."

"ಬರಿಯೂದು ಬ್ಯಾಡ ಬಿಡಪ್ಪ. ಬಾಯಿಲೇ ಹೇಳು, ನನ್ನ ಮಗ ಕೇಳಲಿ. ನಿನಗ ಕಟ್ಟಿದ್ದು ನಮ್ಮ ಅತ್ತಿ ಕೊಟ್ಟಿದ್ದು, ನಿನ್ನ ಮಗಳಿಗಿ ಕಟ್ಟಿದ್ದು ನಾ ಕೊಟ್ಟಿದ್ದು. ಆ ಹೊಲದ ನಂಬರ್ ಹೇಳಿಕೊಟ್ಟಾವನೂ ನೀನೇ. ಹೌದೋ ಅಲ್ಲೋ?"

ಎಲ್ಲರೂ ನನ್ನನ್ನು ನೋಡುತ್ತಿದ್ದರು. ರೇಣಮ್ಮ ಬಾಯಿ ತೆರೆದವಳು ನನ್ನ ಮುಖ ಕಂಡು ಮುಚ್ಚಿಕೊಂಡಳು.

"ನನಗ ನೆನಪಿಲ್ಲ," ಎಂದೆ.